ಬೆಸ ಸಂಖ್ಯೆಗಳು ಎಲ್ಲಿ ಹೋದವು? ಒಬ್ಬ ಹೊಸ ವೆಬ್ ಅನಲಿಸ್ಟ್‌ಗಾಗಿ ನಾಲ್ಕೂವರೆ ತಿಂಗಳು

ಕಳೆದ ಶುಕ್ರವಾರಕ್ಕೆ ನಮ್ಮ ಹೊಸ ವೆಬ್ ಅನಲಿಸ್ಟ್, ಅಂದರೆ ತಾಣಕ್ಕೆ ಬರುವವರ ಅಂಕಿಗಳನ್ನು ನೋಡಿ ಅರ್ಥ ಹೇಳುವವರು, ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು. ಅನುಭವವಿಲ್ಲದ ಒಬ್ಬರನ್ನು ತೆಗೆದುಕೊಳ್ಳುವುದು ಮೂರು ವಾರದ ಕೆಲಸ ಅಂದುಕೊಂಡು ಫೆಬ್ರವರಿ ಮೊದಲ ವಾರ ಶುರು ಮಾಡಿದ್ದೆ. ಅವರು ಬಂದು ಕುರ್ಚಿಯಲ್ಲಿ ಕೂತಾಗ ಜೂನ್ ಅರ್ಧ ಕಳೆದಿತ್ತು. ನಡುವೆ ಎರಡು ಸಲ ಕೆಲಸದ ಜಾಹೀರಾತು ಬರೆದೆ, ಒಂದು ಸಲ ಎಲ್ಲವನ್ನೂ ನಿಲ್ಲಿಸಿದೆ, ಒಂದು ಸಲ ತುಂಬಿದ ಮೀಟಿಂಗಿನಲ್ಲಿ ನಿಂತು ನನ್ನದೇ ವರದಿ ತಪ್ಪು ಅಂತ ಒಪ್ಪಿಕೊಂಡೆ. ಇದೇ ದಾರಿಯಲ್ಲಿ ಹೊರಟಿರುವವರಿಗೆ ಒಂದೆರಡು ಗುಂಡಿಯಾದರೂ ಮೊದಲೇ ಕಾಣಲಿ ಅಂತ, ನೆನಪು ಬಿಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಮ್ಮದು ಪಾಠಗಳ ತಾಣ. ಉಚಿತವಾಗಿ ಓದುವ ಲೇಖನಗಳಿವೆ, ಹಣ ಕಟ್ಟಿ ಸೇರುವ ಕೋರ್ಸುಗಳಿವೆ. ನಾನು ಬರಹದ ಕಡೆ ನೋಡಿಕೊಳ್ಳುವವಳು. ಅನಲಿಟಿಕ್ಸ್ ಎಂದರೆ ತಿಂಗಳ ಕೊನೆಗೆ ಡ್ಯಾಶ್‌ಬೋರ್ಡ್ ತೆರೆದು ನಾಲ್ಕು ಅಂಕಿ ಎತ್ತಿ ಸ್ಲೈಡಿಗೆ ಹಾಕುವುದು, ಅಷ್ಟೇ ಗೊತ್ತಿತ್ತು. ಜನವರಿಯ ಮೀಟಿಂಗಿನಲ್ಲಿ ಎರಡು ಅಂಕಿ ಎದುರುಬದುರಾದವು. ತಾಣದ ಪ್ರಚಾರದ ಜಾಹೀರಾತು ನೋಡಿಕೊಳ್ಳುವವರು ಒಂದು ಜಾಹೀರಾತಿಗೆ 1,840 ಕ್ಲಿಕ್ ಬಂದಿವೆ ಅಂದರು. ನನ್ನ ಸ್ಲೈಡಿನಲ್ಲಿ ಅದೇ ಜಾಹೀರಾತಿನಿಂದ 1,290 ಸೆಷನ್. "ಉಳಿದ 550 ಜನ ದಾರೀಲಿ ಎಲ್ಲಿ ಇಳಿದುಬಿಟ್ರು?" ಅಂತ ಮುಖ್ಯಸ್ಥರು ಕೇಳಿದರು. ಯಾರ ಬಾಯಲ್ಲೂ ಉತ್ತರವಿಲ್ಲ. ಮಾತು ಬೇರೆ ಕಡೆ ತಿರುಗಲಿ ಅಂತ ನಾನು ಮುಂದಿನ ಸ್ಲೈಡಿಗೆ ಹಾರಿದೆ: ನವೆಂಬರಿನಲ್ಲಿ ಹೊಸ ವಿನ್ಯಾಸ ಬಂದಮೇಲೆ ನಮ್ಮ ಬೌನ್ಸ್ ರೇಟ್, ಅಂದರೆ ಬಂದು ಏನೂ ನೋಡದೆ ಹಾಗೇ ಹೊರಟುಹೋಗುವ ಭೇಟಿಗಳ ಪಾಲು, ಶೇ 58ರಿಂದ ಶೇ 3ಕ್ಕೆ ಇಳಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಈ ಶೇ 3 ಅನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಅದೇ ನನ್ನ ಕುತ್ತಿಗೆಗೆ ಬಂತು.

ಮೀಟಿಂಗ್ ಮುಗಿಯುವ ಹೊತ್ತಿಗೆ "ಇದನ್ನ ನೋಡೋಕೆ ಒಬ್ಬರನ್ನ ತಗೊಳ್ಳಿ, ಹೊಸಬರಾದರೂ ಸಾಕು" ಅಂತ ತೀರ್ಮಾನವಾಯಿತು. ಸ್ಲೈಡ್ ತೋರಿಸಿದವಳು ನಾನು, ಹಾಗಾಗಿ ಹುಡುಕುವ ಕೆಲಸವೂ ನನ್ನ ತಲೆಗೇ ಬಂತು.

ಮೊದಲ ಜಾಹೀರಾತನ್ನು ನಾನು ಬರೆದೆ ಅನ್ನುವುದು ಸುಳ್ಳು. ನಾಲ್ಕೈದು ಕಡೆ ಇದ್ದದ್ದನ್ನು ಕತ್ತರಿಸಿ ಅಂಟಿಸಿದೆ. ಪೈಥಾನ್, ಆರ್, ಎಸ್‌ಕ್ಯೂಎಲ್, ಮೂರು ಬಗೆಯ ಡ್ಯಾಶ್‌ಬೋರ್ಡ್ ಸಾಧನ, ಟ್ಯಾಗ್ ಮ್ಯಾನೇಜರ್, ಎ/ಬಿ ಪರೀಕ್ಷೆ, ಜತೆಗೆ "2 ವರ್ಷದ ಅನುಭವ ಅಪೇಕ್ಷಣೀಯ". ಮೇಲೆ ದಪ್ಪಕ್ಷರದಲ್ಲಿ "ಹೊಸಬರಿಗೆ". ಎರಡು ವಾರ ಕಳೆದರೂ ಬಂದವು ಎರಡೇ ಬಗೆಯ ಅರ್ಜಿಗಳು. ಒಂದು, ಆ ಪಟ್ಟಿಯಲ್ಲಿದ್ದ ಪದಗಳನ್ನೆಲ್ಲ ಅದೇ ಕ್ರಮದಲ್ಲಿ ತಮ್ಮ ರೆಸ್ಯೂಮೆಗೆ ಇಳಿಸಿಕೊಂಡವರು. ಇನ್ನೊಂದು, ನಿಜವಾಗಿ ಅದೆಲ್ಲ ಬಲ್ಲವರು. ಸಂಬಳ ಕೇಳಿ ಫೋನ್ ಇಟ್ಟರು. ಈ ಕ್ಷೇತ್ರದಲ್ಲೇ ಬಹಳ ಕಾಲದಿಂದ ಇರುವ ಗೆಳತಿಗೆ ತೋರಿಸಿದೆ. ಓದಿ ನಕ್ಕಳು. "ಹೊಸಬರು ಬೇಕು ಅಂತ ಬರೆದು ಹಳಬರ ಪಟ್ಟಿ ಕೊಟ್ಟಿದೀಯಲ್ಲೇ. ಇರಲಿ, ಬಂದವರು ಮೊದಲನೇ ದಿನ ಏನು ಮಾಡ್ತಾರೆ ಹೇಳು ನೋಡೋಣ." ಹೇಳಲಿಕ್ಕೆ ಆಗಲಿಲ್ಲ.

ಅವತ್ತು ರಾತ್ರಿ ಕೂತು, ಬರುವವರು ಮೊದಲ ಮೂರು ತಿಂಗಳು ಏನು ಮಾಡಬೇಕು ಅಂತ ಬರೆದೆ. ಎಂಟು ಸಾಲಾಯಿತು. ವಾರಕ್ಕೊಂದು ಪುಟದ ವರದಿ, ಟ್ಯಾಗ್‌ಗಳು (ಭೇಟಿ ಎಣಿಸಲು ಪುಟದಲ್ಲಿ ಇಡುವ ಕೋಡಿನ ತುಣುಕುಗಳು) ಸರಿಯಾಗಿ ಓಡುತ್ತಿವೆಯೇ ಅಂತ ಪರೀಕ್ಷೆ, ಪ್ರಚಾರದ ಲಿಂಕ್‌ಗಳಿಗೆ ಹೆಸರಿಡುವ ಕ್ರಮ, ಯಾರಾದರೂ "ಯಾಕೆ ಕಡಿಮೆಯಾಯಿತು" ಅಂತ ಕೇಳಿದಾಗ ಹುಡುಕಿ ಹೇಳುವುದು, ಹೀಗೆ. ಅದರಲ್ಲಿ ಪೈಥಾನ್ ಎಲ್ಲೂ ಇರಲಿಲ್ಲ. ಸ್ಪ್ರೆಡ್‌ಶೀಟ್ ಚೆನ್ನಾಗಿ ಬರಬೇಕು, ಕಂಡದ್ದನ್ನು ನಾಲ್ಕು ಸಾಲಿನಲ್ಲಿ ಬರೆಯಲು ಬರಬೇಕು, ಉಳಿದದ್ದು ಕಲಿಸಬಹುದು. ಎರಡನೆಯ ಜಾಹೀರಾತು ಆ ಎಂಟು ಸಾಲು ಮತ್ತು ಸಂಬಳದ ಅಂಕಿ, ಅಷ್ಟೇ. ಸಂಬಳ ಬಚ್ಚಿಡಬೇಡಿ, ಮೊದಲ ಸುತ್ತಿನಲ್ಲಿ ಆ ಒಂದು ಸಾಲು ಇಲ್ಲದ್ದಕ್ಕೆ ಎಷ್ಟು ಫೋನ್ ಕರೆ ವ್ಯರ್ಥವಾಯಿತೋ ಲೆಕ್ಕ ಇಟ್ಟಿಲ್ಲ.

ಈ ಸಲ ಅರ್ಜಿಗಳು ರಾಶಿ ಬಿದ್ದವು. ಅರ್ಧಕ್ಕರ್ಧ ಜನರ ಬಳಿ ಗೂಗಲ್ ಅನಲಿಟಿಕ್ಸ್ (ತಾಣದ ಭೇಟಿಗಳನ್ನು ಎಣಿಸುವ ಸಾಧನ, ನಾವು ಬಳಸುವುದೂ ಅದನ್ನೇ) ಪ್ರಮಾಣಪತ್ರ. ಅದರ ಪರೀಕ್ಷೆ ಉಚಿತ, ಮನೆಯಲ್ಲೇ ಕೂತು ಬರೆಯುವುದು, ಪತ್ರಕ್ಕೆ ಒಂದು ವರ್ಷದ ಆಯಸ್ಸು. ಕೆಟ್ಟದ್ದಂತೂ ಅಲ್ಲ, ಆಸಕ್ತಿ ಇದೆ ಅಂತ ಗೊತ್ತಾಗುತ್ತದೆ. ಆದರೆ ಎಲ್ಲರ ಕೈಯಲ್ಲೂ ಒಂದೇ ಪತ್ರ ಇದ್ದರೆ ಯಾರನ್ನು ಕರೆಯುವುದು? ಫೋನಿನಲ್ಲಿ ಮಾತಾಡಿಸಿ ಆರಿಸೋಣ ಅಂತ ಕೂತೆ. ಮೊದಲ ಅಭ್ಯರ್ಥಿಗೆ "ಸೆಷನ್ ಅಂದರೇನು?" ಅಂತ ಕೇಳಿದೆ. ಅವರು ಏನೋ ಹೇಳಿದರು. ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ. "ಓಕೆ, ಗುಡ್" ಅಂದೆ. ಫೋನ್ ಇಟ್ಟಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಉಳಿದ ಕರೆಗಳನ್ನೆಲ್ಲ ಎರಡು ವಾರ ಮುಂದಕ್ಕೆ ಹಾಕಿ ಓದಲು ಕೂತೆ.

ಆ ಎರಡು ವಾರ ಈ ಇಡೀ ಪ್ರಯಾಣದಲ್ಲೇ ಅಗ್ಗದ ಖರ್ಚು. ಗೂಗಲ್ ತನ್ನದೇ ಅಂಗಡಿಯ ತಾಣದ ನಿಜ ಅಂಕಿಗಳಿರುವ ಡೆಮೊ ಅಕೌಂಟನ್ನು ಯಾರಿಗೆ ಬೇಕಾದರೂ ತೆರೆದಿಟ್ಟಿದೆ. ಅದನ್ನು ಒಂದು ಕಡೆ, ನಮ್ಮದನ್ನು ಇನ್ನೊಂದು ಕಡೆ ಇಟ್ಟುಕೊಂಡು ಒಂದೊಂದೇ ಪದ ಬಿಡಿಸಿದೆ.

"ಯೂಸರ್" ಅಂದರೆ ಮನುಷ್ಯ ಅಲ್ಲ. ಸಾಮಾನ್ಯವಾಗಿ ಅದು ಒಂದು ಬ್ರೌಸರಿನಲ್ಲಿ ಕೂತಿರುವ ಒಂದು ಕುಕಿ, ಅಂದರೆ ಗುರುತಿಗಾಗಿ ತಾಣ ಅಲ್ಲಿ ಇಟ್ಟ ಪುಟ್ಟ ಚೀಟಿ. ನಾನು ಬೆಳಿಗ್ಗೆ ಫೋನಿನಲ್ಲಿ, ಮಧ್ಯಾಹ್ನ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದರೆ ಇಬ್ಬರು. ಕುಕಿ ಅಳಿಸಿ ಬಂದರೆ ಮೂರನೆಯವಳು. ಸಫಾರಿ ಬ್ರೌಸರಂತೂ ಪುಟದ ಸ್ಕ್ರಿಪ್ಟ್ ಇಟ್ಟ ಕುಕಿಯನ್ನು 7 ದಿನಕ್ಕೇ ಕಸಕ್ಕೆ ಹಾಕುತ್ತದೆ, ಹಾಗಾಗಿ ಎರಡು ವಾರಕ್ಕೊಮ್ಮೆ ಬರುವ ನಿಷ್ಠಾವಂತ ಓದುಗ ಪ್ರತಿ ಸಲವೂ ಹೊಸಬ. ಸೆಷನ್ ಎಂದರೆ ಒಂದು ಭೇಟಿ. 30 ನಿಮಿಷ ಏನೂ ಮಾಡದೆ ಬಿಟ್ಟರೆ ಮುಗಿಯಿತು. ಲೇಖನ ತೆರೆದಿಟ್ಟು ಊಟಕ್ಕೆ ಹೋಗಿ ಬಂದವರು ಎರಡು ಭೇಟಿ ಕೊಟ್ಟಂತೆ. "ಡೈರೆಕ್ಟ್" ಎಂದು ತೋರಿಸುವ ದೊಡ್ಡ ಪಾಲನ್ನು ನಾನು ಇಷ್ಟು ವರ್ಷ "ನಮ್ಮ ಹೆಸರು ನೆನಪಿಟ್ಟು ವಿಳಾಸ ಟೈಪ್ ಮಾಡಿ ಬಂದವರು" ಅಂತ ಹೆಮ್ಮೆಯಿಂದ ಓದುತ್ತಿದ್ದೆ. ಅದರ ನಿಜ ಅರ್ಥ, ಎಲ್ಲಿಂದ ಬಂದರೋ ತಿಳಿಯದು. ಮೆಸೇಜಿನಲ್ಲಿ ಕಳಿಸಿದ ಲಿಂಕ್, ಪಿಡಿಎಫ್ ಒಳಗಿನ ಲಿಂಕ್, ಆ್ಯಪ್‌ನಿಂದ ತೆರೆದದ್ದು, ಬಹುಪಾಲು ಅಲ್ಲಿಗೇ ಬಂದು ಬೀಳುತ್ತವೆ.

550 ಜನರ ಗುಟ್ಟೂ ಆಗಲೇ ಬಿಚ್ಚಿಕೊಂಡಿತು. ಕ್ಲಿಕ್ ಬೇರೆ, ಸೆಷನ್ ಬೇರೆ. ಕ್ಲಿಕ್ಕಿಸಿ ಪುಟ ತೆರೆಯುವ ಮೊದಲೇ ಹಿಂದೆ ಹೋದವರ ಕ್ಲಿಕ್ ಜಾಹೀರಾತಿನ ಲೆಕ್ಕದಲ್ಲಿ ಇರುತ್ತದೆ, ನಮ್ಮ ಟ್ಯಾಗ್ ಮಾತ್ರ ಓಡಿರುವುದಿಲ್ಲ. ಹತ್ತು ನಿಮಿಷದಲ್ಲಿ ಎರಡು ಸಲ ಒತ್ತಿದರೆ ಕ್ಲಿಕ್ ಎರಡು, ಸೆಷನ್ ಒಂದು. ಕುಕಿ ಬೇಡ ಅಂದವರು, ಆ್ಯಡ್ ಬ್ಲಾಕರ್ ಇಟ್ಟವರು ನಮ್ಮ ಲೆಕ್ಕಕ್ಕೆ ಬರುವುದೇ ಕಷ್ಟ. 550 ಜನರೂ ದಾರಿಯಲ್ಲಿ ಇಳಿದುಹೋದವರಲ್ಲ. ಎರಡು ತಕ್ಕಡಿ ಎರಡು ಬೇರೆ ವಸ್ತು ತೂಗುತ್ತಿದ್ದವು.

ಹೊಟ್ಟೆ ಉರಿಸಿದ್ದು ಬೇರೆಯೇ. ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ ಯೂನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ಕ್ಕೆ ಎಣಿಕೆ ನಿಲ್ಲಿಸಿತ್ತು, ಒಂದು ವರ್ಷದ ನಂತರ ಅದರ ಹಳೆಯ ಅಂಕಿಗಳನ್ನು ನೋಡುವ ಬಾಗಿಲೂ ಮುಚ್ಚಿತು. ಇಳಿಸಿಟ್ಟುಕೊಳ್ಳಿ ಅಂತ ಎಚ್ಚರಿಕೆಯ ಮೇಲ್‌ಗಳು ಬಂದಿದ್ದವು, ಯಾರೂ ತೆರೆದಿರಲಿಲ್ಲ. ನಮ್ಮ ಹಲವು ವರ್ಷಗಳ ಚರಿತ್ರೆ ಈಗ ನನ್ನ ಹಳೆಯ ಸ್ಲೈಡುಗಳಲ್ಲಿ ಉಳಿದಷ್ಟೇ. ಈಗಿನ ಆವೃತ್ತಿಯಾದ ಜಿಎ4ನಲ್ಲಿ (ಗೂಗಲ್ ಅನಲಿಟಿಕ್ಸ್ 4) ಬಿಡಿಬಿಡಿ ಈವೆಂಟ್ ಮಾಹಿತಿ, ಅಂದರೆ ಪುಟ ತೆರೆದದ್ದು, ಒತ್ತಿದ್ದು ಇಂಥ ಒಂದೊಂದರ ದಾಖಲೆ, ಎಷ್ಟು ಕಾಲ ಉಳಿಯಬೇಕು ಅನ್ನುವ ಸೆಟ್ಟಿಂಗ್ ತಾನಾಗಿಯೇ 2 ತಿಂಗಳಿಗೆ ಇರುತ್ತದೆ. ಉಚಿತ ಆವೃತ್ತಿಯಲ್ಲೂ ಅದನ್ನು 14 ತಿಂಗಳಿಗೆ ಏರಿಸಬಹುದು. ಸಿದ್ಧ ವರದಿಗಳ ಒಟ್ಟು ಮೊತ್ತಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ನೀವೇ ಅಗೆದು ನೋಡಬೇಕಾದಾಗ ಎರಡು ತಿಂಗಳ ಆಚೆ ಖಾಲಿ. ನಮ್ಮದು 2 ತಿಂಗಳಲ್ಲೇ ನಿಂತಿತ್ತು. ಬದಲಿಸಲು ಹೋದರೆ ಗುಂಡಿ ಬೂದು ಬಣ್ಣ. ನನಗೆ ನೋಡುವ ಹಕ್ಕು ಮಾತ್ರ ಇತ್ತು. ಅಡ್ಮಿನ್ ಯಾರು ಅಂತ ಕೇಳಿ ಹಳೆಯ ಗುತ್ತಿಗೆದಾರರಿಗೆ ಒಂದು ಮೇಲ್ ಹಾಕಿದೆ, ಉತ್ತರ ಬರಲಿಲ್ಲ, ಹೊಸಬರು ಬಂದು ನೋಡಿಕೊಳ್ಳಲಿ ಅಂತ ಬಿಟ್ಟೆ. ಆ ಬಿಟ್ಟದ್ದರ ಫಲ ಜೂನಿನಲ್ಲಿ ಉಂಡೆ. ನೀವು ಇದನ್ನು ಓದುತ್ತಿರುವಾಗಲೇ ಹೋಗಿ ಆ ಸೆಟ್ಟಿಂಗ್ ನೋಡಿ ಬನ್ನಿ, ಉಳಿದದ್ದು ಆಮೇಲೆ ಓದಬಹುದು.

ಮಾರ್ಚ್ ಕೊನೆಗೆ ಪರೀಕ್ಷೆ ಸಿದ್ಧಪಡಿಸಲು ಕೂತೆ. ನಮ್ಮದೇ ತಾಣದ ಸಿದ್ಧ ವರದಿಯ ಅಂಕಿಗಳನ್ನು ಶೀಟಿಗೆ ಇಳಿಸಿ ಕೊಡುವುದು, ಏನು ಕಾಣುತ್ತದೆ ಅಂತ ಕೇಳುವುದು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ದಿನಕ್ಕೆ ಪುಟಕ್ಕೆ ಒಂದೊಂದು ಸಾಲು, ಆ ಪುಟ ಎಷ್ಟು ಸಲ ತೆರೆಯಿತು ಅನ್ನುವ ವ್ಯೂಸ್ ಕಾಲಂ ಸಮೇತ. ಇಳಿಸಿ ಮೇಲಿಂದ ಕೆಳಗೆ ಕಣ್ಣಾಡಿಸುವಾಗ ಪುಟದ ವಿಳಾಸದ ಕಾಲಂನಲ್ಲಿ ಒಂದು ಕಡೆ ನಿಂತೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಯಾರದೋ ಪೂರ್ತಿ ಇಮೇಲ್ ವಿಳಾಸ. ಕೆಳಗೆ ಇನ್ನೊಂದು, ಅದರ ಕೆಳಗೆ ಇನ್ನೂ ಹತ್ತು. ಪಾಸ್‌ವರ್ಡ್ ಮರೆತವರಿಗೆ ಕಳಿಸುವ ಲಿಂಕ್, ಅವರ ಇಮೇಲನ್ನು ಪುಟದ ವಿಳಾಸದಲ್ಲೇ ಹೊತ್ತುಕೊಂಡು ಬರುತ್ತಿತ್ತು. ಅನಲಿಟಿಕ್ಸ್ ಅದನ್ನು ಹಾಗೇ ಬರೆದಿಟ್ಟುಕೊಂಡಿತ್ತು. ವ್ಯಕ್ತಿಯ ಗುರುತು ಸಿಗುವ ಮಾಹಿತಿ ಕಳಿಸಕೂಡದು ಅಂತ ಗೂಗಲ್‌ನ ಷರತ್ತೇ ಇದೆ. ಅದಕ್ಕಿಂತ ಹೆಚ್ಚಾಗಿ, ನಾನು ಅದನ್ನು ನೋಡದೆ ಮೂವತ್ತು ಜನ ಅಪರಿಚಿತರಿಗೆ ಹಂಚುವವಳಿದ್ದೆ. ಕೈ ತಣ್ಣಗಾಯಿತು.

ಎಲ್ಲ ನಿಲ್ಲಿಸಿದೆ. ಡೆವಲಪರ್‌ಗಳು ಲಿಂಕಿನ ರೀತಿ ಬದಲಿಸಲು ಹತ್ತು ದಿನ ತೆಗೆದುಕೊಂಡರು. ಜಿಎ4ನಲ್ಲಿ ಇಮೇಲ್‌ಗಳನ್ನು ಕಳಿಸುವ ಮುನ್ನವೇ ಅಳಿಸುವ ಸ್ವಿಚ್ ಒಂದಿದೆ, ಅದೂ ನನ್ನ ಕೈಗೆ ಸಿಗದ ಬೂದು ಗುಂಡಿಯೇ. ಅಭ್ಯರ್ಥಿಗಳಿಗೆ "ತಾಂತ್ರಿಕ ಕಾರಣದಿಂದ ತಡ" ಅಂತ ಮೇಲ್ ಹೋಯಿತು. ಆ ಹತ್ತು ದಿನದಲ್ಲಿ ನಾಲ್ವರು ಬೇರೆ ಕಡೆ ಸೇರಿಬಿಟ್ಟರು. ನಿಜವಾದ ಅಂಕಿಗಳಿಂದ ಪರೀಕ್ಷೆ ಮಾಡುವವರು ಒಂದೊಂದು ಕಾಲಂ ಓದಿಯೇ ಕೊಡಿ. ನಾನು ಕೊನೆಗೆ ವಿಳಾಸಗಳನ್ನೆಲ್ಲ ತೆಗೆದು "ಪುಟ 1, ಪುಟ 2" ಅಂತ ಹೆಸರಿಟ್ಟೆ.

ಇನ್ನೊಂದು ತಪ್ಪು ಪರೀಕ್ಷೆಯ ಉದ್ದದ್ದು. ಮನೆಯಲ್ಲೇ ಮಾಡಿ, ಎಂಟು ಪ್ರಶ್ನೆ, ಹತ್ತು ಸ್ಲೈಡ್ ಅಂತ ಕಳಿಸಿದ್ದೆ. ಒಬ್ಬರು ಬಹಳ ಮರ್ಯಾದೆಯಿಂದ ಬರೆದರು: "ಇದಕ್ಕೆ ನನಗೆ ಎರಡು ದಿನ ಬೇಕಾಗುತ್ತದೆ. ಈ ವಾರ ಹೀಗೆ ನಾಲ್ಕು ಕಡೆಯಿಂದ ಬಂದಿದೆ. ಕ್ಷಮಿಸಿ." ಸರಿಯಾದ ಮಾತು. ಅದನ್ನು ಹಿಂದೆ ತೆಗೆದುಕೊಂಡು, ಎದುರು ಕೂತು ನಲವತ್ತು ನಿಮಿಷ ಶೀಟ್ ನೋಡುವುದು, ಇಪ್ಪತ್ತು ನಿಮಿಷ ಮಾತು ಅಂತ ಬದಲಿಸಿದೆ. ಹಾಗೆ ಮಾಡಿದ್ದಕ್ಕೇ ಮುಂದಿನದು ನನ್ನ ಕಣ್ಣೆದುರು ನಡೆಯಿತು.

ಮಾತಿನ ಭಾಗಕ್ಕೆ ಗೆಳತಿ ಕೊಟ್ಟ ಒಂದು ಪ್ರಶ್ನೆ ಇತ್ತು, ಬೇಕಾದರೆ ನೀವೂ ಬಳಸಿ. ಫೋನಿನಲ್ಲಿ ಬಂದವರಲ್ಲಿ ನೋಂದಾಯಿಸುವವರು ಶೇ 1ರಿಂದ ಶೇ 1.2ಕ್ಕೆ ಏರಿದರು. ಕಂಪ್ಯೂಟರಿನಲ್ಲಿ ಬಂದವರಲ್ಲಿ ಶೇ 4ರಿಂದ ಶೇ 4.5ಕ್ಕೆ ಏರಿದರು. ಆದರೂ ಒಟ್ಟು ಶೇ 2.5ರಿಂದ ಶೇ 1.86ಕ್ಕೆ ಇಳಿಯಿತು. ಇದು ಸಾಧ್ಯವೇ? ಸಾಧ್ಯ. ಮೊದಲು ಅರ್ಧ ಜನ ಫೋನಿನವರಿದ್ದರು, ಈಗ ಶೇ 80 ಅವರೇ. ಕಡಿಮೆ ನೋಂದಾಯಿಸುವ ಗುಂಪು ದೊಡ್ಡದಾಯಿತು. ಪ್ರಶ್ನೆ ಕೇಳಿದಾಗ "ಸಾಧ್ಯವೇ ಇಲ್ಲ" ಅಂತ ತಟ್ಟನೆ ಹೇಳಿದವರು ಬಹಳ. ಅದರಿಂದ ಅವರನ್ನು ಬಿಡಲಿಲ್ಲ, ನಾನೂ ಮೊದಲು ಹಾಗೇ ಅಂದಿದ್ದೆ. ನೋಡಿದ್ದು, "ಎಷ್ಟೆಷ್ಟು ಜನ?" ಅಂತ ತಿರುಗಿ ಕೇಳುತ್ತಾರೋ ಇಲ್ಲವೋ ಅಂತ.

ಏಪ್ರಿಲ್ ಕೊನೆಯ ವಾರ. ಗ್ರಂಥಾಲಯ ವಿಜ್ಞಾನ ಓದಿದ ಒಬ್ಬ ಅಭ್ಯರ್ಥಿ. ರೆಸ್ಯೂಮೆಯಲ್ಲಿ ಪ್ರಮಾಣಪತ್ರ ಇಲ್ಲ, ಅನಲಿಟಿಕ್ಸ್ ಎಂಬ ಪದವೇ ಒಂದೇ ಸಲ. ಕರೆಯುವ ಪಟ್ಟಿಯಿಂದ ಎರಡು ಸಲ ತೆಗೆದು ಎರಡು ಸಲ ಸೇರಿಸಿದ್ದೆ. ಆಕೆ ಶೀಟ್ ತೆರೆದು ಚಾರ್ಟ್ ಗೀರ್ಟ್ ಏನೂ ಹಾಕಲಿಲ್ಲ, ಸುಮ್ಮನೆ ಕೆಳಗೆ ಮೇಲೆ ಸರಿಸುತ್ತ ಕೂತರು. ಐದು ನಿಮಿಷ, ಹತ್ತು ನಿಮಿಷ. ನನಗೆ ಗಡಿಯಾರ ನೋಡುವ ಹಾಗಾಯಿತು. ಆಮೇಲೆ ತಲೆಯೆತ್ತಿ, "ಮೇಡಂ, ಈ ವ್ಯೂಸ್ ಕಾಲಂನ ನೀವೇನಾದ್ರೂ ಪರೀಕ್ಷೆಗೋಸ್ಕರ ಬದಲಾಯಿಸಿದೀರಾ?" ಅಂತ ಕೇಳಿದರು.

"ಇಲ್ಲ, ಯಾಕೆ?"

"ನವೆಂಬರ್ 11ರಿಂದ ಈಚೆಗೆ ಬೆಸ ಸಂಖ್ಯೆಗಳೇ ಇಲ್ಲ."

ನನಗೆ ಅರ್ಥವಾಗಲಿಲ್ಲ. ಆಕೆ ಪಕ್ಕದ ಖಾಲಿ ಕಾಲಂನಲ್ಲಿ, 2ರಿಂದ ಭಾಗಿಸಿ ಶೇಷ ತೋರಿಸುವ ಸೂತ್ರ ಹಾಕಿ ಕೆಳಗೆ ಎಳೆದರು. ನವೆಂಬರ್ 10ರವರೆಗೆ 1, 0, 0, 1, 1, 0, 1. ಅಲ್ಲಿಂದ ಮುಂದೆ 0, 0, 0, 0, 0, 0, ಪರದೆ ತುಂಬ ಸೊನ್ನೆ. ಸುಮಾರು ಒಂಬೈನೂರು ಸಾಲಿನಲ್ಲಿ ಹನ್ನೊಂದು ಕಡೆ ಮಾತ್ರ 1. "ಒಂದೊಂದು ಪುಟಾನೂ ಎರಡೆರಡು ಸಲ ಎಣಿಸ್ತಿದೆ ಅನ್ಸುತ್ತೆ. ಆ ಹನ್ನೊಂದು ಯಾಕೋ ಗೊತ್ತಿಲ್ಲ, ಒಂದು ಸಲ ಎಣಿಸೋ ಹೊತ್ತಿಗೆ ಪುಟ ಮುಚ್ಚಿರಬಹುದು." ಹೊಸ ವಿನ್ಯಾಸ ತಾಣಕ್ಕೆ ಏರಿದ್ದು ನವೆಂಬರ್ 11ರಂದು ಅಂತ ಆಕೆಗೆ ನಾನು ಹೇಳಿರಲಿಲ್ಲ.

ಆಕೆಯನ್ನು ಕಳಿಸಿ ಬಂದು ಗೆಳತಿ ಫೋನಿನಲ್ಲಿ ಹೇಳಿಕೊಟ್ಟಂತೆ ಮಾಡಿದೆ. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು, ನೆಟ್‌ವರ್ಕ್ ಟ್ಯಾಬಿನಲ್ಲಿ "ಕಲೆಕ್ಟ್" ಎಂಬ ಇಂಗ್ಲಿಷ್ ಪದ ಹುಡುಕಿ, ನಮ್ಮ ಮುಖಪುಟ ತೆರೆಯುವುದು. ಒಂದು ಪುಟಕ್ಕೆ ಒಂದು ಪೇಜ್ ವ್ಯೂ, ಅಂದರೆ ಪುಟ ತೆರೆಯಿತು ಅನ್ನುವ ಸಂದೇಶ, ಹೋಗಬೇಕು. ಎರಡು ಹೋದವು, ಕಣ್ಣೆದುರೇ, ಒಂದರ ಹಿಂದೆ ಒಂದು. ಟ್ಯಾಗ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಟ್ಯಾಗ್ ಮ್ಯಾನೇಜರಿನೊಳಗೆ ಒಂದು ಟ್ಯಾಗ್ ಮೊದಲಿನಿಂದಲೂ ಇತ್ತು. ಹೊಸ ವಿನ್ಯಾಸ ಮಾಡಿದವರು ಪುಟದ ಕೋಡಿನಲ್ಲೂ ಇನ್ನೊಂದನ್ನು ಸೇರಿಸಿದ್ದರು. ನಾಲ್ಕು ನಿಮಿಷದ ಪರೀಕ್ಷೆ. ಐದೂವರೆ ತಿಂಗಳು ಯಾರೂ ಮಾಡಿರಲಿಲ್ಲ.

ಆಮೇಲೆ ಹೊಳೆದದ್ದು ಆ ಶೇ 3. ಜಿಎ4ನಲ್ಲಿ ಒಂದು ಭೇಟಿ 10 ಸೆಕೆಂಡಿಗಿಂತ ಹೆಚ್ಚು ಉಳಿದರೆ, ಅಥವಾ ಒಂದು ಕೀ ಈವೆಂಟ್ (ನೋಂದಣಿಯಂಥ, ನಾವೇ ಮುಖ್ಯ ಅಂತ ಗುರುತಿಟ್ಟದ್ದು) ಆದರೆ, ಅಥವಾ ಎರಡು ಪೇಜ್ ವ್ಯೂ ಬಂದರೆ ಅದು "ಎಂಗೇಜ್ಡ್". ಹಾಗಲ್ಲದ್ದೇ ಬೌನ್ಸ್. ಬಂದವರಿಗೆಲ್ಲ ಬಾಗಿಲಲ್ಲೇ ಎರಡು ಪೇಜ್ ವ್ಯೂ ಸಿಕ್ಕರೆ ಬೌನ್ಸ್ ಆಗುವವರು ಯಾರು? ಒಂದು ಕ್ಷಣ ಕಣ್ಣು ಹಾಯಿಸಿ ಓಡಿಹೋದವರೂ ನಮ್ಮ ಲೆಕ್ಕದಲ್ಲಿ ಮನಸ್ಸಿಟ್ಟು ಓದಿದವರು. ನಾವು ಚಪ್ಪಾಳೆ ತಟ್ಟಿದ್ದು ಎರಡನೆಯ ಟ್ಯಾಗಿಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮುಖ್ಯಸ್ಥರಿಗೆ ಮೇಲ್ ಮಾಡುವ ಬದಲು ಎದುರಿಗೇ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋಮವಾರ ಎಲ್ಲರ ಎದುರಿಗೂ ಇದನ್ನೇ ಹೇಳಿಬಿಡಿ" ಅಂದರು. ಹೇಳಿದೆ. ವಿನ್ಯಾಸದ ತಂಡದವರು ಎರಡು ವಾರ ನನ್ನ ಜತೆ ಮಾತು ಬಿಟ್ಟರು, ತಪ್ಪು ನನ್ನದು ಅನ್ನುವ ಹಾಗೆ. ಮೇ ಮೊದಲ ವಾರ ಕೋಡಿನ ಟ್ಯಾಗ್ ತೆಗೆದ ಮರುದಿನವೇ ಪೇಜ್ ವ್ಯೂ ಅರ್ಧಕ್ಕೆ ಬಿತ್ತು, ಬೌನ್ಸ್ ರೇಟ್ ಶೇ 54. ಜಾಹೀರಾತಿನವರು ಗಾಬರಿಯಾಗಿ ಫೋನ್ ಮಾಡಿದರು. ಹಿಂದಿನ ಅಂಕಿಗಳನ್ನು ಸರಿಪಡಿಸುವ ದಾರಿ ಇಲ್ಲ. ಅನಲಿಟಿಕ್ಸ್‌ನಲ್ಲಿ ಒಮ್ಮೆ ಬರೆದದ್ದು ಬರೆದದ್ದೇ. ನವೆಂಬರ್ 11ರಿಂದ ಮೇ ಮೊದಲ ವಾರದವರೆಗೆ "ಪೇಜ್ ವ್ಯೂ ನಂಬಬೇಡಿ, ಸೆಷನ್ ಲೆಕ್ಕ ಸರಿ ಇದೆ" ಅಂತ ಪ್ರತಿ ವರದಿಯ ತಲೆಯ ಮೇಲೆ ಒಂದು ಸಾಲು ಈಗಲೂ ಇದೆ.

ಇಷ್ಟಾದ ಮೇಲೆ ಆ ಅಭ್ಯರ್ಥಿಯನ್ನೇ ತೆಗೆದುಕೊಂಡೆವು ಅಂತ ನೀವು ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಆಫರ್ ಲೆಟರಿಗೆ ನಮ್ಮ ಸಂಸ್ಥೆಯೊಳಗೇ ಒಪ್ಪಿಗೆ ಬರಲು 24 ದಿನ ಹಿಡಿಯಿತು. ಹುದ್ದೆಗೆ ಜನವರಿಯಲ್ಲಿ ಬಾಯಿಮಾತಿನ ಒಪ್ಪಿಗೆ ಸಿಕ್ಕಿತ್ತು, ಕಾಗದದ ಮೇಲೆ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಲೆಟರ್ ಹಿಡಿದು ಫೋನ್ ಮಾಡಿದ ದಿನ ಆಕೆ, "ಅಯ್ಯೋ ಮೇಡಂ, ಹೋದ ಸೋಮವಾರ ಬೇರೆ ಕಡೆ ಸೇರ್ಕೊಂಡೆ. ನಿಮ್ಮದು ಕ್ಯಾನ್ಸಲ್ ಆಯ್ತು ಅಂದ್ಕೊಂಡಿದ್ದೆ" ಅಂದರು. ಆ 24 ದಿನದಲ್ಲಿ ಒಂದು ಫೋನ್ ಮಾಡಿ "ಕಾಯ್ತಿರಿ, ನಡೀತಿದೆ" ಅನ್ನಬಹುದಿತ್ತು. ಇಡೀ ಪ್ರಕರಣದಲ್ಲಿ ನನಗೆ ಇವತ್ತಿಗೂ ನೋವು ಕೊಡುವುದು ಇದೊಂದೇ. ಸಹಿಗಳನ್ನು ಜಾಹೀರಾತು ಹಾಕುವ ಮುನ್ನವೇ ತೆಗೆದುಕೊಳ್ಳಿ.

ಈಗ ನಮ್ಮಲ್ಲಿರುವವರು ಮೂರು ವರ್ಷ ಗ್ರಾಹಕರ ಫೋನ್ ಕರೆ ತೆಗೆದುಕೊಳ್ಳುವ ಕೆಲಸದಲ್ಲಿದ್ದವರು. ನನ್ನ ಶೀಟಿನ ಪರೀಕ್ಷೆಯಲ್ಲಿ ಅವರು ಬೆಸ ಸಂಖ್ಯೆ ಗಮನಿಸಲಿಲ್ಲ, ಮೇಲಾಗಿ ಲೆಕ್ಕವನ್ನೂ ತಪ್ಪಿದರು: ಶೇ 2ರಿಂದ ಶೇ 3ಕ್ಕೆ ಏರಿದ್ದನ್ನು "ಶೇ 1 ಹೆಚ್ಚಾಗಿದೆ" ಅಂದರು. ನಾನೂ ತಿದ್ದಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಮೇಲ್ ಬಂದಿತ್ತು. "ನಿನ್ನೆ ಹೇಳಿದ್ದು ತಪ್ಪು. ಏರಿದ್ದು ಒಂದು ಪರ್ಸೆಂಟೇಜ್ ಪಾಯಿಂಟ್, ಹೆಚ್ಚಳ ಶೇ 50. ಬಸ್ಸಿನಲ್ಲಿ ಹೋಗುವಾಗ ಗೊತ್ತಾಯಿತು. ಆಯ್ಕೆಗೆ ಇದು ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊತ್ತು, ಆದರೂ ತಿಳಿಸಿದ್ದೇನೆ." ತಿಂಗಳುಗಟ್ಟಲೆ ತಪ್ಪು ಅಂಕಿ ತೋರಿಸಿ ಈಗಷ್ಟೇ ಒಪ್ಪಿಕೊಂಡಿದ್ದ ನನಗೆ ಆ ಮೇಲ್ ಲೆಕ್ಕಕ್ಕೆ ಬಂತು.

ಜೂನ್ ಮಧ್ಯದಲ್ಲಿ ಅವರು ಬಂದರು. ಬಂದವರಿಗೆ ಕೊಡಲು ಕೀಲಿಯೇ ಇರಲಿಲ್ಲ. ಅನಲಿಟಿಕ್ಸ್‌ನ ಅಡ್ಮಿನ್ ಹಕ್ಕು ಮೊದಲ ತಾಣ ಕಟ್ಟಿದ ಗುತ್ತಿಗೆದಾರರ ಸಂಸ್ಥೆಯಲ್ಲಿದ್ದ, ಈಗ ಅಲ್ಲಿಲ್ಲದ ಒಬ್ಬರ ಸ್ವಂತ ಇಮೇಲಿನಲ್ಲಿತ್ತು. ಫೋನ್, ಮೇಲ್, ಮತ್ತೆ ಫೋನ್, ಒಂದು ಸಲ ಖುದ್ದಾಗಿ ಹೋಗಿ ಕೂತದ್ದು. 19 ದಿನ. ಅಷ್ಟೂ ದಿನ ಅವರು ಡೆಮೊ ಅಕೌಂಟಿನಲ್ಲಿ ಅಭ್ಯಾಸ ಮಾಡಿದರು, ನನ್ನ ಹಳೆಯ ಸ್ಲೈಡುಗಳನ್ನು ಓದಿ ಪ್ರಶ್ನೆ ಬರೆದಿಟ್ಟರು. (ಎರಡು ಪುಟ ಪ್ರಶ್ನೆ. ಕೆಲವಕ್ಕೆ ಉತ್ತರ ಹೇಳುವಾಗ ನಾಚಿಕೆಯಾಯಿತು.) ಹಕ್ಕು ಕೈಗೆ ಬಂದ ದಿನ ಮೊದಲು 2 ತಿಂಗಳನ್ನು 14 ಮಾಡಿದೆವು, ಇಮೇಲ್ ಅಳಿಸುವ ಸ್ವಿಚ್ ಒತ್ತಿದೆವು, ಸಂಸ್ಥೆಯ ಇಮೇಲ್ ಇರುವ ಇಬ್ಬರನ್ನು ಅಡ್ಮಿನ್ ಮಾಡಿದೆವು. ಹೊಸ ಅನಲಿಸ್ಟ್‌ಗೆ ಸದ್ಯಕ್ಕೆ ಎಡಿಟರ್ ಹಕ್ಕು, ನನಗೆ ಮೊದಲಿನ ಹಾಗೆ ನೋಡುವ ಹಕ್ಕು ಸಾಕು ಅಂದೆ. ಒಪ್ಪಲಿಲ್ಲ, ಅಡ್ಮಿನ್‌ಗಳಲ್ಲಿ ಒಬ್ಬಳು ನಾನೇ.

ಕೆಲಸ ಶುರುವಾದ ಮೇಲೆ ದಿನಕ್ಕೊಂದು ಹೊಸ ಹುಳುಕು. ಎಲ್ಲಿಂದ ಬಂದರು ಅಂತ ತಿಳಿಯಲು ಪ್ರಚಾರದ ಲಿಂಕ್‌ಗಳ ಬಾಲಕ್ಕೆ ಹಾಕುವ ಯುಟಿಎಂ ಎಂಬ ಗುರುತುಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಣಿಕೆಯಾಗುತ್ತವೆ ಅಂತ ನಮಗೆ ಯಾರಿಗೂ ತಿಳಿದಿರಲಿಲ್ಲ. ನಮ್ಮ ಒಂದೇ ಸುದ್ದಿಪತ್ರ ವರದಿಯಲ್ಲಿ ಐದು ಹೆಸರಿನಲ್ಲಿ ಓಡಾಡುತ್ತಿತ್ತು. ನಮ್ಮ ಆಫೀಸಿನವರ ಭೇಟಿಗಳನ್ನು ತೆಗೆದುಹಾಕುವ ಫಿಲ್ಟರ್ ಇತ್ತು, ಆದರೆ "ಟೆಸ್ಟಿಂಗ್" ಸ್ಥಿತಿಯಲ್ಲೇ ಉಳಿದಿತ್ತು. ಅದು ತಾನಾಗಿ ಶುರುವಾಗುವುದಿಲ್ಲ, "ಆ್ಯಕ್ಟಿವ್" ಅಂತ ನಾವೇ ಬದಲಿಸಬೇಕು. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ನಮ್ಮ ತಾಣಕ್ಕೆ ಬರುತ್ತಿದ್ದ ಉತ್ಸಾಹಿ ಓದುಗರಲ್ಲಿ ಒಂದು ಪಾಲು ನಾವೇ.

ಮೊನ್ನೆ ಸೋಮವಾರ ಮೊದಲ ವರದಿ ಅವರೇ ಓದಿದರು. ಒಂದು ಪುಟ, ಮೂರು ಅಂಕಿ, ಚಾರ್ಟ್ ಇಲ್ಲ. ಮುಖ್ಯಸ್ಥರು, "ಇದೆಲ್ಲ ಇರಲಿ, ಹೋದ ವಾರ ಎಷ್ಟು ಜನ ಬಂದ್ರು ಅದು ಹೇಳಿ" ಅಂದರು. ನಮ್ಮ ಹೊಸಬರು ನನ್ನ ಮುಖ ನೋಡಿ, ಆಮೇಲೆ, "ಜನ ಎಷ್ಟು ಅಂತ ಹೇಳೋಕಾಗಲ್ಲ ಸರ್. ಬ್ರೌಸರ್ ಎಷ್ಟು ಅಂತ ಹೇಳ್ತೀನಿ, ಆಗಬಹುದಾ?" ಅಂದರು. ಅಲ್ಲಿಂದ ಇಪ್ಪತ್ತು ನಿಮಿಷ ಕುಕಿ ಅಂದರೇನು ಅನ್ನುವುದರ ಮೇಲೆ ಮಾತು ನಡೆಯಿತು, ಕಾರ್ಯಸೂಚಿಯಲ್ಲಿದ್ದ ಬೇರೇನೂ ಮುಗಿಯಲಿಲ್ಲ. ಕೋರ್ಸಿಗೆ ಹಣ ಕಟ್ಟಿ ವಾಪಸು ಬರುವವರನ್ನೆಲ್ಲ ಪಾವತಿ ಪುಟವೇ ಕಳಿಸಿದ ಹಾಗೆ ನಮ್ಮ ವರದಿ ಇನ್ನೂ ತೋರಿಸುತ್ತಿದೆ. ಅದು ಮುಂದಿನ ವಾರದ ಕೆಲಸ ಅಂತ ಅವರ ಪಟ್ಟಿಯಲ್ಲಿದೆ.